ತಾಟು ಬಡಿದರೆ ಪಕ್ಷ ಬದಲು

ನಮ್ಮ ಮನೆಯಲ್ಲಿ ಊಟ ಮುಗಿದು ಕೈ ತೊಳೆಯುವ ಮೊದಲೇ ವಾದ ಶುರುವಾಗುತ್ತಿತ್ತು. ಎಂಜಲು ಕೈ ಒಣಗಿ ಬಿಗಿಯುತ್ತಿದ್ದರೂ ಯಾರೂ ಏಳುತ್ತಿರಲಿಲ್ಲ. ಮನೆ ಎಂದರೆ ಮುಂಬೈಯ ಭಾಂಡುಪ್‌ನ ಚಾಳೊಂದರ ಮೇಲಿನ ಮಾಳಿಗೆಯಲ್ಲಿ ಒಂದು ಖೋಲಿ, ಅದರ ಹಿಂದೆ ಅರ್ಧ ಗೋಡೆ ಎತ್ತಿ ಮಾಡಿಕೊಂಡ ಅಡಿಗೆಮನೆ. ಅಲ್ಲಿ ಇದ್ದವರು ನನ್ನ ತಂದೆಯ ತಮ್ಮ, ಅಂದರೆ ನನ್ನ ಕಾಕಾ. ಅವರ ಹೆಂಡತಿ, ನನ್ನ ಚಿಗವ್ವ. ಮತ್ತು ವಿಜಾಪುರದಿಂದ ಕಾಲೇಜಿಗೆಂದು ಬಂದು ಅವರ ಮೇಲೆ ಬಿದ್ದ ನಾನು. ಅವರಿಗೆ ಮಕ್ಕಳಿರಲಿಲ್ಲ.

ಕಾಕಾ ವಿಕ್ರೋಳಿಯ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕಾರಕೂನರು. ಹಗಲೆಲ್ಲ ಯಂತ್ರಗಳ ಗದ್ದಲದ ಮೇಲೆ ಕೂಗಿ ಮಾತಾಡಿದವರಿಗೆ ಮನೆಗೆ ಬಂದ ಮೇಲೆ ಸುಮ್ಮನಿರಬೇಕೆನ್ನಿಸಬೇಕು. ಅವರಿಗೆ ಹಾಗೆನ್ನಿಸುತ್ತಿರಲಿಲ್ಲ. ವಿಷಯ ಅವರು ಕೊಡುವರು: ಲೋಕಲ್ ಗಾಡಿ ಮನುಷ್ಯನನ್ನು ಸುಧಾರಿಸುತ್ತದೆ. ಅನ್ನಕ್ಕಿಂತ ರೊಟ್ಟಿ ಮೇಲು. ದೇವರಿದ್ದಾನೆ. ನನಗೆ ಬೇಕಾದ ಪಕ್ಷ ಹಿಡಿದು ನಾನು ಮಾತಾಡಬೇಕು. ಮಾತು ಒಳ್ಳೆಯ ಓಟದಲ್ಲಿದ್ದಾಗ ಅವರು ಚಮಚೆಯಿಂದ ತಾಟಿನ ಅಂಚಿಗೆ ಟಣ್ ಎಂದು ಬಡಿಯುವರು. ಬಡಿದ ಕೂಡಲೇ ನಾನು ಎದುರು ಪಕ್ಷಕ್ಕೆ ಹಾರಬೇಕು, ವಾಕ್ಯದ ನಟ್ಟನಡುವೆ ಇದ್ದರೂ ಸರಿಯೇ.

“ಎರಡೂ ಕಡಿ ಮಾತಾಡಾಕ ಬರ್ಲಿಲ್ಲಂದ್ರ ಅದು ವಾದಲ್ಲಲೇ, ಜಗಳ,” ಎನ್ನುವರು.

“ಎರಡೂ ಕಡಿ ಮಾತಾಡೋರ್ನ ನಮ್ಮೂರಾಗ ಬ್ಯಾರೆ ಹೆಸರಿಲೆ ಕರೀತಾರ,” ಎಂದು ಅಡಿಗೆಮನೆಯಿಂದ ಚಿಗವ್ವನ ದನಿ ಬರುವುದು.

ಕಾಲೇಜುಗಳ ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದದ್ದಕ್ಕೆ ಕಾರಣ ಆ ತಾಟು, ಪುಸ್ತಕಗಳಲ್ಲ. ಇನ್ನು ದೇವರ ವಿಷಯಕ್ಕೆ ಬಂದರೆ, ಕಾಕಾ ಮತ್ತು ನಾನು ಒಂದೇ ಪಕ್ಷ, ಇಲ್ಲ ಎನ್ನುವ ಪಕ್ಷ. ಗೋಡೆಯ ಗೂಡಿನಲ್ಲಿ ಚಿಗವ್ವ ಇಟ್ಟುಕೊಂಡಿದ್ದ ಹಿತ್ತಾಳೆಯ ದೇವಿಯನ್ನು ಕಾಕಾ ಬೆಳಗಾದರೆ ಕಾಡುವರು. “ನಿಮ್ಮ ದೇವಿ ಎದ್ದಾಳೇನು? ವಿಕ್ರೋಳಿ ಕಾರ್ಖಾನಿ ಭೋಂಗಾ ಹೊಡೀತು, ಡ್ಯೂಟಿಗೆ ಲೇಟ್ ಆತು ಅನ್ನು.” ಚಿಗವ್ವ ಅವರ ಟಿಫಿನ್ ಡಬ್ಬಿಯ ಮೇಲೆ ಒಂದು ಚಿಟಿಕೆ ಕುಂಕುಮ ಹಚ್ಚಿ ಕಳಿಸುತ್ತಿದ್ದಳು. ಅವರು ಅದನ್ನು ಒರೆಸುತ್ತಿರಲಿಲ್ಲ, ಇದನ್ನೂ ನಾನು ಗಮನಿಸಿದ್ದೆ.

ಮೊದಲು ಕಾಕಾನ ದನಿ ಒಡೆಯಿತು. ಬೀಡಿ ಎಂದರು ಕೆಲವರು, ಸ್ಟೇಶನ್ ಎದುರಿನ ಐಸಿನ ಕಬ್ಬಿನ ಹಾಲು ಎಂದರು ಕೆಲವರು. ಓಮಿನಕಾಳು, ಜ್ಯೇಷ್ಠಮಧು, ಬಿಸಿನೀರು ಎಲ್ಲ ಆಯಿತು. ಕಡೆಗೆ ಶಹರದ ದೊಡ್ಡ ಆಸ್ಪತ್ರೆಗೆ ಹೋದಾಗ ಧ್ವನಿಪೆಟ್ಟಿಗೆಯಲ್ಲಿ ಕ್ಯಾನ್ಸರ್ ಎಂದರು. ಪೆಟ್ಟಿಗೆಯನ್ನೇ ಇಡಿಯಾಗಿ ತೆಗೆದರು. ವಾರಗಟ್ಟಲೆ ಮೂಗಿನಲ್ಲಿ ನಳಿಕೆ ಇಟ್ಟುಕೊಂಡು ಮಲಗಿದ್ದ ಕಾಕಾ ಮನೆಗೆ ಬಂದಾಗ ಅವರ ಕುತ್ತಿಗೆಯ ಬುಡದಲ್ಲಿ ಒಂದು ತೂತಿತ್ತು. ಉಸಿರಾಟ ಅಲ್ಲಿಂದ. ಮೂಗು ಸುಮ್ಮನೆ ಶೋಭೆಗೆ ಉಳಿಯಿತು. ಒಗ್ಗರಣೆ ಸೀದರೂ ಅವರಿಗೆ ವಾಸನೆ ಬರುತ್ತಿರಲಿಲ್ಲ. ಬಿಸಿ ಚಹಾಕ್ಕೆ ಊದಲು ಬಾಯಿ ಮುಂದೆ ಮಾಡುವರು, ಗಾಳಿ ಬರುತ್ತಿರಲಿಲ್ಲ, ನೆನಪಾಗಿ ಬಸಿಗೆ ಸುರಿದುಕೊಳ್ಳುವರು. ಆ ತೂತಿನ ಮೇಲೆ ಇಳಿಬಿಡಲು ಚಿಗವ್ವ ಹಳೆಯ ತೆಳು ಮಲ್ ಧೋತರ ಹರಿದು ಸಣ್ಣ ಸಣ್ಣ ಬಟ್ಟೆಗಳನ್ನು ಅಂಚು ಮಡಚಿ ಹೊಲಿದಳು. ಗ್ಯಾಲರಿಯ ಹಗ್ಗದ ಮೇಲೆ ಅವು ಸಾಲಾಗಿ ಒಣಗುತ್ತಿದ್ದರೆ ಪಕ್ಕದ ಖೋಲಿಯ ಮರಾಠಿ ಬಾಯಿ, “ಕುಣಾಚಂ ಬಾಳ ಆಲಂಯ್?” ಎಂದು ಕೇಳಿದಳಂತೆ, ಯಾರ ಕೂಸು ಬಂದಿದೆ ಎಂದು. “ನಂದs,” ಎಂದಳಂತೆ ಚಿಗವ್ವ.

ಊಟವಾದ ಮೇಲೆ ನಾವು ಮೂವರೂ ಕೂಡಲೇ ಎದ್ದು ಕೈ ತೊಳೆದುಕೊಳ್ಳತೊಡಗಿದೆವು.

ಆಸ್ಪತ್ರೆಯಲ್ಲಿ ಇಂಥವರಿಗೆ ಮಾತು ಕಲಿಸುತ್ತಿದ್ದರು. ಕಲಿಸುವವರಲ್ಲಿ ಒಬ್ಬ, ತಾನೂ ಅದೇ ಆಪರೇಶನ್ ಆದ ಹಳೆಯ ರೈಲ್ವೆ ಗಾರ್ಡ್. ವಿದ್ಯೆ ಇಷ್ಟೇ: ಗಾಳಿ ನುಂಗಬೇಕು, ಅದನ್ನು ತೇಗಿನಂತೆ ವಾಪಸು ತರಬೇಕು, ಬರುವಾಗ ತುಟಿ ನಾಲಿಗೆಗಳಿಂದ ಅದಕ್ಕೆ ಅಕ್ಷರದ ಆಕಾರ ಕೊಡಬೇಕು. “ನಿಗಲೋ, ವಾಪಸ್ ದೋ. ಉಧಾರ್ ಮತ್ ರಖೋ,” ಎನ್ನುತ್ತಿದ್ದನಂತೆ ಗಾರ್ಡ್, ನುಂಗು, ವಾಪಸು ಕೊಡು, ಸಾಲ ಇಟ್ಟುಕೊಳ್ಳಬೇಡ ಎಂದು. ಕಾಕಾ ಗೋಲಿ ಸೋಡಾ ಕುಡಿದು ಗ್ಯಾಲರಿಯಲ್ಲಿ ನಿಂತು ತೇಗುವರು. ಚಾಳಿನ ಮಂದಿಗೆ ಮೊದಲು ನಗು, ಆಮೇಲೆ ಅಭ್ಯಾಸ. ಒಂದು ಸಂಜೆ ಊಟ ಮುಗಿಸಿ, ಚಿಗವ್ವ ಪಾತ್ರೆ ಎತ್ತಿಕೊಂಡು ಹೋದ ಮೇಲೆ, ಒದ್ದೆ ನೆಲದ ಮೇಲೆ ಕೊಡ ಎಳೆದಂತೆ ಒಂದು ಸಪ್ಪಳ ಬಂತು.

“ತಾಟ.”

ಚಿಗವ್ವ ಓಡಿ ಬಂದಳು. ತಾಟು ತಂದು, ರೊಟ್ಟಿ ಹಾಕಿ, ಮೇಲೆ ಬೆಣ್ಣೆ ಇಟ್ಟಳು. “ಹಸಿವ್ಯಾಗಿತ್ತೇನ್ರೀ? ಮೊದಲs ಹೇಳಬಾರ್ದ?” ಎಂದವಳಿಗೆ ಅವರು ಮೊದಲು ಹೇಳುವ ಹಾಗಿರಲಿಲ್ಲ ಎಂಬುದು ಆಮೇಲೆ ಹೊಳೆದು ಸೆರಗು ಬಾಯಿಗೆ ಒತ್ತಿಕೊಂಡಳು. ಕಾಕಾ ರೊಟ್ಟಿ ಎತ್ತಿ ಪಕ್ಕಕ್ಕಿಟ್ಟರು. ಚಮಚೆ ತೆಗೆದುಕೊಂಡು ತಾಟಿನ ಅಂಚಿಗೆ ಬಡಿದು ನನ್ನ ಕಡೆ ನೋಡಿದರು.

ಹೀಗೆ ವಾದ ಮತ್ತೆ ಶುರುವಾಯಿತು. ಒಂದು ತೇಗಿಗೆ ಒಂದೇ ಶಬ್ದ, ಹೆಚ್ಚೆಂದರೆ ಎರಡು. ಅದರಿಂದ ಅವರು ಮೊದಲಿಗಿಂತ ಅಪಾಯಕಾರಿಯಾದರು. ನಾನು ಕಾಲು ಗಂಟೆ ಮಾತಾಡಿ ಕಟ್ಟಿದ್ದನ್ನು ಅವರು ಗಾಳಿ ನುಂಗಿ, “ಪುರಾವೆ?” ಎಂದು ಒಂದೇ ಏಟಿಗೆ ಕೆಡವುವರು. ಸಾವಿರ ಜನರ ಸಭೆಯಲ್ಲಿ ಮೈಕಿನ ಮುಂದೆ ನಿಂತವರಿಗೂ ನಾನು ಅಷ್ಟು ಹೆದರಿದ್ದಿಲ್ಲ. ಕಾರ್ಖಾನೆಯವರು ಅವರನ್ನು ಮತ್ತೆ ಸ್ಟೋರಿಗೇ ತೆಗೆದುಕೊಂಡರು. ಲೋಕಲ್‌ನಲ್ಲಿ ಕರವಸ್ತ್ರ ಹಾಸಿ ಅವರಿಗೆ ಜಾಗ ಹಿಡಿಯುತ್ತಿದ್ದ ಗೆಳೆಯರು ಮತ್ತೆ ಹಿಡಿಯತೊಡಗಿದರು. ಆ ದನಿಯ ಬಗ್ಗೆ ಕಾಕಾನಿಗೆ ಹೆಮ್ಮೆಯಿತ್ತು. ಹುಟ್ಟುವಾಗ ಬಂದ ದನಿಗೆ ಅವರು ಏನೂ ಮಾಡಿರಲಿಲ್ಲ, ಇದನ್ನು ದುಡಿದು ಗಳಿಸಿದ್ದರು.

ಗ್ಯಾಲರಿಯ ಸರಳಿಗೆ ಕನ್ನಡಿ ಕಟ್ಟಿ ದಾಡಿ ಮಾಡಿಕೊಳ್ಳುವುದು ಅವರ ರೂಢಿ. ಒಂದು ಬೆಳಿಗ್ಗೆ ಅರ್ಧ ಮುಖಕ್ಕೆ ಸಾಬೂನು ಹಾಗೇ ಬಿಟ್ಟು ನನ್ನನ್ನು ಕರೆದರು. ಕುತ್ತಿಗೆಯ ಬಟ್ಟೆ ಎತ್ತಿ, “ನೋಡು,” ಎಂದರು. ತೂತಿನ ಅಂಚಿಗೆ ತೊಗರಿಬೇಳೆಯಷ್ಟು ಕೆಂಪು ಗಂಟು.

ಚಿಗವ್ವನೂ ನೋಡಿದಳು. “ಅಯ್ಯ, ನನ್ನ ಹೊಲಿಗಿ ತಿಕ್ಕೇತಿ,” ಎಂದಳು. ಅಂದು ಮಧ್ಯಾಹ್ನವೆಲ್ಲ ಕೂತು ಆ ಬಟ್ಟೆಗಳ ಅಂಚುಗಳನ್ನೆಲ್ಲ ಬಿಚ್ಚಿದಳು. ದಾರ ಒರಟೆಂದು ಹೊಸದು ತರಿಸಿ, ಮಡಿಕೆ ಹೊರಗೆ ಬರುವಂತೆ ಮತ್ತೆ ಹೊಲಿದಳು. ಗಂಟು ಮಾತ್ರ ಬೆಳೆಯಿತು.

ಆಸ್ಪತ್ರೆಯ ಡಾಕ್ಟರರು ಒಳ್ಳೆಯವರು, ಮುಚ್ಚಿಟ್ಟು ಮಾತಾಡುವವರಲ್ಲ. ತುಣುಕು ತೆಗೆದು ಪರೀಕ್ಷೆ ಮಾಡಿಸಿ, ಅದೇ ರೋಗ ಮರಳಿ ಬಂದಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಕಾಕಾನಿಗೆ ಇಂಗ್ಲಿಷ್ ತಿಳಿಯುತ್ತಿತ್ತು. ಚಿಗವ್ವನಿಗೆ ಕನ್ನಡದಲ್ಲಿ ಹೇಳುವ ಕೆಲಸ ನನ್ನದು. ನಾನು ಹೇಳಿದೆ. ಅವಳು ಕೇಳಿದ್ದು ಒಂದೇ.

“ಹೊಲಿಗಿ ತಿಕ್ಕಿದ್ದಕ್ಕ ಆತೇನು, ಕೇಳು.”

ಕೇಳಿದೆ. ಬಟ್ಟೆಗೂ ಇದಕ್ಕೂ ಏನೇನೂ ಸಂಬಂಧವಿಲ್ಲ ಎಂದರು ಡಾಕ್ಟರರು. ಅದನ್ನೂ ಹೇಳಿದೆ. ಚಿಗವ್ವ ತಲೆಯಾಡಿಸಿದಳು, ನಂಬಲಿಲ್ಲ.

ಮುಂದಿನ ದಾರಿ ಎರಡು ಎಂದರು. ಇನ್ನೊಂದು ಆಪರೇಶನ್ ಮಾಡಬಹುದು, ಆದರೆ ಮೊದಲಿನದಕ್ಕಿಂತ ಬಹಳ ದೊಡ್ಡದು. ಗಂಟಿನ ಸುತ್ತಲಿನದನ್ನೆಲ್ಲ ತೆಗೆಯಬೇಕು, ಅನ್ನನಾಳದ ಮೇಲ್ಭಾಗವನ್ನೂ ಬಿಡುವಂತಿಲ್ಲ. ಉಳಿದರೆ ಆಹಾರ ಹೊಟ್ಟೆಗೆ ನಳಿಕೆಯಲ್ಲಿ, ಬಹುಶಃ ಕಡೆಯ ತನಕ. ಈ ಹೊಸ ಮಾತು ಹೋಗುತ್ತದೆ, ಮತ್ತೆ ಬರುವುದಿಲ್ಲ. ಇಷ್ಟಾದರೂ ರೋಗ ಹೋಗುತ್ತದೆಂದು ಅವರು ಮಾತು ಕೊಡಲಾರರು. ಅದು ಬೇಡವೆಂದರೆ ‘ಕರೆಂಟ್’, ಅಂದರೆ ವಿಕಿರಣ, ಕೊಟ್ಟು ಗಂಟನ್ನು ತುಸು ಕುಗ್ಗಿಸಿ, ನೋವು ಇಳಿಸಿ, ಇದ್ದಷ್ಟು ದಿನ ಇರಿಸಬಹುದು. ಯೋಚನೆ ಮಾಡಿ ಬರುವ ಸೋಮವಾರ ಹೇಳಿ ಎಂದರು.

ವಾಪಸಾಗುವಾಗ ಗಾಡಿಯಲ್ಲಿ ಚಿಗವ್ವ ಹೆಂಗಸರ ಡಬ್ಬಿ, ನಾವು ಗಂಡಸರ ಡಬ್ಬಿ. ಕಾಕಾ ಕಿಟಕಿಯಾಚೆ ನೋಡುತ್ತ ಕೂತರು. ವಿಕ್ರೋಳಿ ಬಂದಾಗ ಅಭ್ಯಾಸಬಲದಿಂದ ಎದ್ದರು, ನಾನು ತೋಳು ಹಿಡಿದು ಕೂಡಿಸಿದೆ.

ಆ ವಾರ ಗಂಡ ಹೆಂಡತಿ ಈ ವಿಷಯ ಒಂದು ಮಾತೂ ಆಡಲಿಲ್ಲ. ಚಿಗವ್ವನಿಗೆ ಆಪರೇಶನ್ ಆಗಬೇಕಿತ್ತು. ನಲ್ಲಿಯ ಸಾಲಿನಲ್ಲಿ ಮರಾಠಿ ಬಾಯಿಗೆ ಹೇಳಿದಳು, ನನಗೆ ಹೇಳಿದಳು, ದೇವಿಗಂತೂ ಹೇಳಿಯೇ ಇರಬೇಕು, ಕಾಕಾ ಒಬ್ಬರನ್ನು ಬಿಟ್ಟು. ಕಾಕಾ ಏನು ಬಯಸುತ್ತಾರೆಂಬುದು ಕಿವಿ ಇದ್ದವರಿಗೆ ಗೊತ್ತಿತ್ತು. ಗ್ಯಾಲರಿಯಲ್ಲಿ ನಿಂತು ಅವರು ಮಾತಿನ ಅಭ್ಯಾಸವನ್ನು ಎರಡು ಪಟ್ಟು ಮಾಡಿದ್ದರು. ಬಿಡಲು ಹೊರಟ ಮನೆಗೆ ಯಾರೂ ಸುಣ್ಣ ಹೊಡೆಯುವುದಿಲ್ಲ.

ನನಗೆ ತಡೆಯಲಾಗಲಿಲ್ಲ. “ಚಿಗವ್ವಾ, ಗಂಟಲ ಅವರದು. ಅವರ್ನ ಕೇಳು.”

“ಏನಂತ ಕೇಳ್ಲಿ? ಸಾಯ್ತೀರೋ, ಮೂಕರಾಗ್ತೀರೋ ಅಂತ ಕೇಳ್ಲೇನು? ನೀ ಕೇಳ್ತೀಯೇನು?”

“ಕೇಳ್ತೀನಿ.”

“ನಿನಗೇನಪಾ, ಮಾತು ಕಲ್ತಾಂವ. ನಾ ಶುಕ್ರವಾರ ಪ್ರಸಾದ ಕೇಳ್ತೀನಿ.”

ಪ್ರಸಾದ ಕೇಳುವುದೆಂದರೆ, ದೇವಿಯ ಎರಡೂ ಭುಜಗಳ ಮೇಲೆ ಒದ್ದೆ ಹೂ ಅಂಟಿಸಿ, ಮನಸ್ಸಿನಲ್ಲಿ ಪ್ರಶ್ನೆ ಇಟ್ಟು ಕೈ ಮುಗಿದು ಕೂಡುವುದು. ಬಲಗಡೆಯದು ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡವೆಂದು. ನಮ್ಮ ಕಡೆ ಹೆಣ್ಣು ಕೊಡುವುದಕ್ಕೆ, ಹೊಲ ಕೊಳ್ಳುವುದಕ್ಕೆ, ಮುಂಬೈಗೆ ಹೋಗುವುದಕ್ಕೆಲ್ಲ ಹೀಗೆ ಕೇಳುತ್ತಾರೆ. ನಾನು ಕೆಂಡವಾದೆ. ಮನುಷ್ಯ ಇಲ್ಲೇ ಕೂತಿದ್ದಾನೆ, ಬಾಯಿದೆ, ಬುದ್ಧಿಯಿದೆ, ಅಷ್ಟು ಕಷ್ಟಪಟ್ಟು ದನಿಯನ್ನೂ ಮಾಡಿಕೊಂಡಿದ್ದಾನೆ. ಅವನನ್ನು ಬಿಟ್ಟು ಹೂವನ್ನು ಕೇಳುವುದೇ? ಭೂಮಿಯ ಸೆಳೆತ, ತೇವ, ತೊಟ್ಟಿನ ಭಾರ ಎಂದೆಲ್ಲ ಚಿಗವ್ವನಿಗೆ ಪಾಠ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು, ಆರಿಸುತ್ತಲೇ ಇದ್ದಳು.

ಕಾಕಾ ನನ್ನ ಪಕ್ಷ ಎಂಬ ಧೈರ್ಯದಿಂದ ಗ್ಯಾಲರಿಗೆ ಹೋದೆ. ಹೇಳಿದೆ. ಅವರು ನಗುತ್ತಾರೆಂದುಕೊಂಡಿದ್ದೆ. ಅವರು ಗಾಳಿ ನುಂಗಿ, “ಕೇಳ್ಲಿ,” ಎಂದರು.

“ನೀವೂ?”

“ಕೇಳ್ಲಿ.”

“ಬಲಕ್ಕ ಬಿದ್ರ?”

ಅವರು ಮತ್ತೆ ಗಾಳಿ ನುಂಗಿದರು. “ಹೋಗ್ತೀನಿ. ಕೊಯ್ಲಿ.”

“ಒಂದು ಹೂವಿನ ಸಲುವಾಗಿ ದನಿ ಕೊಡ್ತೀರೇನು ಕಾಕಾ? ನೀವು ನಂಬ್ತೀರೇನು ಅದನ್ನ?”

ಅವರು ತಲೆ ಅಲ್ಲಾಡಿಸಿದರು, ಇಲ್ಲ ಎಂದು. ಆಮೇಲೆ ಅಡಿಗೆಮನೆಯ ಕಡೆ ಗದ್ದದಿಂದ ತೋರಿಸಿದರು. “ಅಕಿ... ಇರಬೇಕಲ್ಲ. ಮುಂದ.”

ನನಗೆ ಅದು ಅಂದು ಉತ್ತರವೆನಿಸಲಿಲ್ಲ, ವಾದದಿಂದ ನುಣುಚಿಕೊಳ್ಳುವ ಉಪಾಯವೆನಿಸಿತು.

ಶುಕ್ರವಾರ ಬೆಳಿಗ್ಗೆ ಸ್ಟೇಶನ್ ಹತ್ತಿರ ಹೂ ತರುವ ಕೆಲಸ ನನ್ನ ಪಾಲಿಗೆ ಬಂತು. ಆಗಬೇಕಾದ್ದು ಆಗಲಿ, ಪರೀಕ್ಷೆಯಾದರೂ ನ್ಯಾಯವಾಗಿರಲಿ ಎಂದು, ಬುಟ್ಟಿಯೆಲ್ಲ ಕೆದಕಿ ಒಂದೇ ಗಾತ್ರದ, ಒಂದೇ ತೊಟ್ಟಿನ ಎರಡು ಸೇವಂತಿಗೆ ಆರಿಸಿದೆ. “ಲಗ್ನ ಹೈ ಕ್ಯಾ? ಜೋಡಿ ಮಿಲಾ ರಹಾ ಹೈ,” ಎಂದು ಹೂವಿನವಳು ಬೈದಳು, ಮದುವೆಗೆ ಜೋಡಿ ಹೊಂದಿಸುತ್ತಿದ್ದೀಯೇನು ಎಂದು.

ಚಿಗವ್ವ ತಲೆ ಮೇಲೆ ನೀರು ಹಾಕಿಕೊಂಡು ಒದ್ದೆ ಕೂದಲಲ್ಲೇ ಕೂತಳು. ಕಾಕಾ ಗೋಡೆಗೆ ಒರಗಿ ಕೂತರು. ನಾನು ಬಾಗಿಲಲ್ಲಿ, ಸಾಕ್ಷಿ ಹಿಡಿಯುವ ಪೊಲೀಸಿನ ಹಾಗೆ. ಬಲಗಡೆಯ ಹೂವನ್ನು ಅವಳು ನೀರಿನಲ್ಲಿ ಅದ್ದಿದಳು. ತೊಟ್ಟಿಗೆ ಗಂಧ ಮೆತ್ತಿ ದೇವಿಯ ಭುಜಕ್ಕೆ ಹೆಬ್ಬೆರಳಿನಿಂದ ಒತ್ತಿದಳು, ಇನ್ನೊಮ್ಮೆ ಒತ್ತಿದಳು. ಎಡಗಡೆಯದನ್ನು ನೀರಿಗೆ ತಾಗಿಸಲೇ ಇಲ್ಲ. ಒಣ ತೊಟ್ಟನ್ನು ಎರಡು ಬೆರಳಲ್ಲಿ ಹಿಡಿದು, ನಿದ್ದೆಯ ಕೂಸಿನ ಮೇಲೆ ಹೊದಿಕೆ ಬಿಡುವ ಹಾಗೆ ಬಿಟ್ಟಳು.

ಅವಳು ಕಣ್ಣು ಮುಚ್ಚಿದಳು. ನಾನು ಮುಚ್ಚಲಿಲ್ಲ. ಕೆಳಗೆ ಯಾರೋ ಸ್ಟೋವಿಗೆ ಪಂಪು ಹೊಡೆಯುತ್ತಿದ್ದರು. ಕಾಕಾನ ಕುತ್ತಿಗೆಯ ಬಟ್ಟೆ ಉಸಿರಿಗೆ ಏಳುತ್ತಿತ್ತು, ಬೀಳುತ್ತಿತ್ತು. ಎಡಗಡೆಯ ಹೂ ಜಾರಿ, ದೇವಿಯ ಮೊಣಕೈಗೆ ತಾಗಿ, ಕೆಳಗೆ ಬಿತ್ತು.

ಚಿಗವ್ವ ಕಣ್ಣು ತೆರೆದಳು. “ಬ್ಯಾಡ ಅಂತಾಳ ತಾಯಿ,” ಎಂದಳು. ಹೂವನ್ನು ಕಣ್ಣಿಗೊತ್ತಿಕೊಂಡು ಕಾಕಾನ ಜೇಬಿಗೆ ಹಾಕಿದಳು. ಎದ್ದು ಹೋಗಿ ರೊಟ್ಟಿ ಬಡಿಯತೊಡಗಿದಳು. ಮೂವರಿಗೆ ಬೇಕಾದ್ದಕ್ಕಿಂತ ಬಹಳ ಹೊತ್ತು ಆ ಸಪ್ಪಳ ಬರುತ್ತಿತ್ತು.

ಊಟಕ್ಕೆ ಕೂತಾಗ ಚಿಗವ್ವ ಇನ್ನೂ ಒಲೆಯ ಮುಂದೆಯೇ ಇದ್ದಳು. ನಾನು ಕಾಕಾನ ಕಡೆ ಬಾಗಿ, “ನಾ ನೋಡೀನಿ, ಕಾಕಾ. ಆ ಹೂವು...” ಎಂದೆ.

ಟಣ್!

ಆ ವಾರವೆಲ್ಲ ಬಡಿಯದ ತಾಟು. “ನೀ... ಹೂವಿನ ಕಡಿ,” ಎಂದರು ಕಾಕಾ.

“ಬರೂದಿಲ್ಲ.”

ಮತ್ತೆ ಟಣ್. ನಿಯಮ ನಿಯಮವೇ. ಎಂಜಲು ಕೈಯನ್ನು ಮುಂದೆ ಹಿಡಿದುಕೊಂಡೇ ಎದ್ದು ನಿಂತೆ. “ಸಭಾಪತಿಗಳೇ,” ಎಂದು ಶುರು ಮಾಡಿದೆ, ಚೇಷ್ಟೆಗೆಂದೇ. “ಹೂವಿಗೆ ಬುದ್ಧಿ ಇಲ್ಲ, ಒಪ್ಪಿದೆ. ಸಿಟ್ಟಿಲ್ಲ, ಸಂಕಟವಿಲ್ಲ. ಆದ್ದರಿಂದ ಈ ಮನೆಯಲ್ಲಿ ‘ಬೇಡ’ ಅನ್ನಲಿಕ್ಕೆ ಅದಕ್ಕಿಂತ ಯೋಗ್ಯರು ಯಾರೂ ಇಲ್ಲ. ಗಂಡ ‘ಬೇಡ’ ಅಂದರೆ ಹೆಂಡತಿ ಅದನ್ನು ಕೇಳಿಸಿಕೊಳ್ಳಬೇಕು. ಹೆಂಡತಿ ‘ಬೇಡ’ ಅಂದರೆ...” ಅಲ್ಲಿಗೆ ನಿಂತೆ. ನಾನು ಚೇಷ್ಟೆ ಮಾಡುತ್ತಿಲ್ಲವೆಂದು ನನಗೇ ಗೊತ್ತಾಯಿತು. “ಹೆಂಡತಿ ‘ಬೇಡ’ ಅಂದರೆ ಜನ್ಮವಿಡೀ ಅದನ್ನು ತಾನೇ ಕೇಳಿಸಿಕೊಳ್ಳುತ್ತಿರಬೇಕು. ಹೂವಾದರೆ ನಾಳೆ ಬಾಡುತ್ತದೆ.”

ಕಾಕಾ ಗಾಳಿ ನುಂಗಿದರು. “ಪುರಾವೆ?”

ಒಲೆಯ ಕಡೆ ರೊಟ್ಟಿ ಬಡಿಯುವುದು ನಿಂತಿತು.

“ಪುರಾವೆ ಐತಿ,” ಎಂದೆ. “ಹೇಳೂದಿಲ್ಲ.”

ಕಾಕಾ ಚಮಚೆ ಕೆಳಗಿಟ್ಟರು. ಅವರೂ ನೋಡಿದ್ದರು, ಗೋಡೆಗೆ ಒರಗಿ ಕೂತಿದ್ದ ಜಾಗದಿಂದ ಒಣ ತೊಟ್ಟು ನನಗಿಂತ ಚೆನ್ನಾಗಿಯೇ ಕಂಡಿರಬೇಕು. “ಪಾಸ್,” ಎಂದರು.

“ಭಾಳ ಮಾತಾತು, ಮಜ್ಜಿಗಿ ಹಾಕ್ಕೋರಿ,” ಎಂದಳು ಚಿಗವ್ವ ಒಳಗಿನಿಂದ. ದನಿ ಒದ್ದೆಯಾಗಿತ್ತು.

ಸೋಮವಾರ ಡಾಕ್ಟರರು, ಆಪರೇಶನ್ ಬೇಡವೆಂಬುದು ಯಾರ ನಿರ್ಧಾರ ಎಂದು ಹಿಂದಿಯಲ್ಲಿ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಕಾಕಾ, “ದೋನೋಂ ಕಾ,” ಎಂದರು, ಇಬ್ಬರದೂ ಎಂದು. ಒಂದೇ ತೇಗಿನಲ್ಲಿ, ಸ್ವಚ್ಛವಾಗಿ. ಅಷ್ಟು ಹಿಂದಿ ಚಿಗವ್ವನಿಗೂ ತಿಳಿಯುತ್ತಿತ್ತು.

ಕರೆಂಟ್ ಕೊಡಿಸಿದೆವು. ಗಂಟು ಕುಗ್ಗಿತು, ಸುಮ್ಮನಿತ್ತು, ಮತ್ತೆ ಬಂತು. ಒಂದು ಮಳೆಗಾಲ ನೋಡಿದರು ಕಾಕಾ. ಶಬ್ದಗಳು ಚಿಕ್ಕವಾಗುತ್ತ ಬಂದವು, ‘ಪುರಾವೆ’ ಹೋಗಿ ಹುಬ್ಬು ಏರಿಸುವುದಷ್ಟೇ ಉಳಿಯಿತು, ಆದರೂ ಚಿಗವ್ವನನ್ನು ಕರೆಯುವಷ್ಟು ದನಿ ಕೊನೆಯ ವಾರದ ತನಕ ಇತ್ತು. ಆಪರೇಶನ್ ಮಾಡಿಸಿದ್ದರೆ ಹೆಚ್ಚು ಬದುಕುತ್ತಿದ್ದರೋ ಏನೋ. ನನಗೆ ಗೊತ್ತಿಲ್ಲ, ಗೊತ್ತಿದೆ ಎನ್ನುವವರನ್ನು ನಾನು ನಂಬುವುದಿಲ್ಲ. ಹೂವಿನ ಬಗ್ಗೆ ನನ್ನ ಅಭಿಪ್ರಾಯವೂ ಬದಲಾಗಿಲ್ಲ. ಅದು ಭೂಮಿಯ ಸೆಳೆತಕ್ಕೇ ಬಿತ್ತು.

ಕಾಕಾ ತೀರಿಕೊಂಡ ಮೇಲೆ ದಿವಸದ ಊಟಕ್ಕೆ ವಿಜಾಪುರದಿಂದ ಮಂದಿ ಬಂದಿದ್ದರು. ಪಂಕ್ತಿಯ ಮೊದಲಿಗೆ ದೊಡ್ಡಪ್ಪ, ಅಂದರೆ ಕಾಕಾನ ದೊಡ್ಡ ಅಣ್ಣ. ಚಿಗವ್ವ ಸಾರು ಬಡಿಸುತ್ತಿದ್ದಳು. ದೊಡ್ಡಪ್ಪ ಅನ್ನದಲ್ಲಿ ಗುಂಡಿ ಮಾಡುತ್ತ, ಯಾರನ್ನೂ ನೋಡದೆ, ಆದರೆ ಎಲ್ಲರಿಗೂ ಕೇಳುವಂತೆ ಅಂದರು: “ಬಂಬೈದಾಗ ಅಂಥಾ ದವಾಖಾನಿ ಬಾಗಲಾಗ ಇಟಗೊಂಡು, ಎರಡನೇದ ಆಪರೇಶನ್ ಯಾಕ ಮಾಡಿಸ್ಲಿಲ್ಲಂತ ನಾ ಕೇಳ್ತೀನಿ. ಹೆಂಗಸರು ಅಂಜಿಬಿಟ್ಟಿರಬೇಕು.”

ಚಿಗವ್ವನ ಸೌಟು ಬೋಗಾಣಿಯ ಮೇಲೆಯೇ ನಿಂತಿತು. ಪಂಕ್ತಿಯವರೆಲ್ಲ ಅವಳ ಕಡೆ ನೋಡಿದರು. ನನ್ನ ಹತ್ತಿರ ಉತ್ತರಗಳಿದ್ದವು. ಡಾಕ್ಟರರ ಮಾತು ಇಂಗ್ಲಿಷಿನಲ್ಲಿ ಅಕ್ಷರಶಃ ನೆನಪಿತ್ತು. ರೋಗಿಯ ಹಕ್ಕಿನ ಮೇಲೆ ಅರ್ಧ ಗಂಟೆ ಮಾತಾಡಬಲ್ಲವನಾಗಿದ್ದೆ. ಅವೆಲ್ಲಕ್ಕೂ ದೊಡ್ಡಪ್ಪನ ಹತ್ತಿರ ಎದುರುತ್ತರವಿರುತ್ತಿತ್ತು, ಮತ್ತು ಪ್ರತಿ ಎದುರುತ್ತರಕ್ಕೂ ಪಂಕ್ತಿ ಚಿಗವ್ವನ ಕಡೆ ತಿರುಗುತ್ತಿತ್ತು.

“ಪ್ರಸಾದ ಎಡಕ್ಕ ಆತು, ದೊಡ್ಡಪ್ಪಾ,” ಎಂದೆ. “ನಾನs ನಿಂತು ನೋಡೀನಿ. ತಾಯಿ ಬ್ಯಾಡ ಅಂದ್ಲು.”

“ಎಡಕ್ಕ ಆತs?” ದೊಡ್ಡಪ್ಪ ಎಡಗೈಯಿಂದ ಗಲ್ಲ ಮುಟ್ಟಿಕೊಂಡರು. “ಹಂಗಾದ್ರ ಮುಗೀತು ಬಿಡು. ಅಕೀ ಮಾತ ಮೀರಾಕ ಬರ್ತೈತೇನು? ಸಾರು ಹಾಕವಾ.”

ಚಿಗವ್ವ ಅವರಿಗೆ ಸಾರು ಹಾಕಿದಳು, ಪಂಕ್ತಿ ಹಿಡಿದು ನನ್ನ ಮುಂದೆ ಬಂದಳು. ನಾನು ತಲೆ ಎತ್ತಲಿಲ್ಲ. ಸಾರು ಬಿತ್ತು, ಆಮೇಲೆ ಸೌಟಿನ ಅಂಚು ನನ್ನ ತಾಟಿಗೆ ಒಮ್ಮೆ ಟಣ್ ಎಂದಿತು. ತಾಗಿತೋ, ತಾಗಿಸಿದಳೋ? ಪುರಾವೆಯಿಲ್ಲ.